ಸದ್ದಿಲ್ಲ ಅಂದರೆ ಎಲ್ಲ ಸರಿ

ನಮ್ಮ ಚಿಕ್ಕಪ್ಪನಿಗೆ ಕುದುರೆ ಹುಚ್ಚು ಹಿಡಿದದ್ದು ತೊಂಬತ್ತರ ದಶಕದ ನಡುವೆ, ಕಾಫಿಗೆ ಯಾರೂ ಕಾಣದಂಥ ಬೆಲೆ ಬಂದ ಕಾಲದಲ್ಲಿ. ಸಕಲೇಶಪುರದ ಸುತ್ತಮುತ್ತ ಕೆಲವರು ಕಾರು ಕೊಂಡರು, ಕೆಲವರು ಮನೆಗೆ ಮಾರ್ಬಲ್ ಹಾಕಿಸಿ ಜಾರಿ ಬಿದ್ದರು. ಚಿಕ್ಕಪ್ಪ ಮಾತ್ರ ಬೆಂಗಳೂರಿನ ರೇಸಿನಲ್ಲಿ ಓಡಿ ಓಡಿ, ಇನ್ನು ಪ್ರಯೋಜನವಿಲ್ಲ ಅನ್ನಿಸಿಕೊಂಡು ಹೊರಬಿದ್ದಿದ್ದ ಕುದುರೆಗಳನ್ನು ಲಾರಿಯಲ್ಲಿ ಹೇರಿಕೊಂಡು ಬಂದರು. ಹಳೆಯ ಕಾಫಿ ಸ್ಟೋರಿನ ಅರ್ಧ ಭಾಗ ಲಾಯವಾಯಿತು. 'ಇವ್ರಿಗೆ ತಲೆ ಕೆಟ್ಟೈತೆ' ಎಂದು ಊರಿನವರು ಹೇಳಿದರು. ಚಿಕ್ಕಮ್ಮ ಅದನ್ನೇ ಸ್ವಲ್ಪ ಮರ್ಯಾದೆಯ ಮಾತಿನಲ್ಲಿ ಹೇಳಿದರು.

ಆ ಕುದುರೆಗಳಲ್ಲಿ ಕೆಂಪು ಬಣ್ಣದ ಒಂದು ಹೆಣ್ಣುಕುದುರೆ ಇತ್ತು. ಲಾರಿಯಿಂದ ಇಳಿದದ್ದೇ ಮೂಲೆಗೆ ಮುಖ ಮಾಡಿ ನಿಂತುಬಿಟ್ಟಿತು. ಹುಲ್ಲು ಹಾಕಿದರೆ ಮೂಸುತ್ತಿರಲಿಲ್ಲ, ಯಾರಾದರೂ ಹತ್ತಿರ ಹೋದರೆ ಕಿವಿಗಳನ್ನು ಹಿಂದಕ್ಕೆ ಮಡಚಿ ಹಲ್ಲು ತೋರಿಸುತ್ತಿತ್ತು. ನಮ್ಮ ಮನೆಯೂ ಚಿಕ್ಕಪ್ಪನ ಮನೆಯೂ ಅಕ್ಕಪಕ್ಕ, ತೋಟಕ್ಕೆ ಒಂದೇ ಬೇಲಿ. ನನ್ನ ಅಕ್ಕ ಆಗ ಓದು ಮುಗಿಸಿ ಮನೆಯಲ್ಲಿದ್ದಳು. ದಿನಾ ಹೋಗಿ ಬಕೆಟ್ ಬೋರಲು ಹಾಕಿಕೊಂಡು ಆ ಕುದುರೆಯಿಂದ ದೂರದಲ್ಲಿ ಸುಮ್ಮನೆ ಕೂತಿರುತ್ತಿದ್ದಳು. ಮಾತಿಲ್ಲ, ಕರೆಯುವುದಿಲ್ಲ. ಕೊನೆಗೊಂದು ದಿನ ಕುದುರೆಯೇ ತಿರುಗಿ ಬಂದು ಅವಳ ಅಂಗೈಗೆ ಮೂಗು ಒತ್ತಿತು. ಅಲ್ಲಿಂದ ಅದು ಅವರಿಬ್ಬರ ನಡುವಿನ ಶಾಸ್ತ್ರವೇ ಆಗಿಹೋಯಿತು. ಬೆಳಿಗ್ಗೆ ಅಕ್ಕ ಕೈ ಚಾಚಬೇಕು, ಕುದುರೆ ಅಂಗೈಯಲ್ಲಿ ಮೂಗಿಟ್ಟು ಒಂದಷ್ಟು ಹೊತ್ತು ಬಿಸಿ ಉಸಿರು ಬಿಡಬೇಕು, ಆಮೇಲೆ ಹುಲ್ಲು, ಆಮೇಲೆ ಜೀನು. 'ನಿನ್ನನ್ನು ಮದುವೆ ಆಗೋನು ಇಷ್ಟು ಮರ್ಯಾದೆ ಕೊಟ್ಟರೆ ಸಾಕು' ಎಂದು ನಾನು ರೇಗಿಸುತ್ತಿದ್ದೆ. ಅವಳು ನನ್ನ ಮೇಲೆ ಹುಲ್ಲು ಎಸೆಯುತ್ತಿದ್ದಳು.

ಇಲ್ಲಿ ಇನ್ನೊಂದು ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮ ಗುಡ್ಡಗಳಲ್ಲಿ ಜನ ಒಬ್ಬರಿಗೊಬ್ಬರು ಕಾಣುವುದು ಕಡಿಮೆ, ಕೇಳುವುದು ಹೆಚ್ಚು. ಕಾಫಿ ಗಿಡದ ಮರೆಯಲ್ಲಿ ಹಣ್ಣು ಕೊಯ್ಯುವವರು 'ಕೂ' ಎಂದು ದನಿ ತೆಗೆದರೆ ಇನ್ನೊಂದು ಇಳಿಜಾರಿನಿಂದ ಯಾರೋ 'ಕೂ' ಎನ್ನುತ್ತಾರೆ. ಬಂದೆ, ಇದ್ದೇನೆ, ಊಟಕ್ಕೆ ಹೊತ್ತಾಯಿತು, ನಿಮ್ಮ ದನ ಈ ಕಡೆ ಬಂದಿದೆ, ಎಲ್ಲಕ್ಕೂ ಅದೇ ಕೂಗು, ಎಳೆಯುವ ರೀತಿ ಮಾತ್ರ ಬೇರೆ. ಆದರೆ ಆನೆ ಬಂತೆಂದರೆ ಆ ಕೂಗು ನಿಂತುಹೋಗುತ್ತದೆ. ಮನೆಯಂಗಳಕ್ಕೆ ಬಂದರೆ ಪಟಾಕಿ, ತಮಟೆ ಎಲ್ಲ ಉಂಟು. ತೋಟದಲ್ಲೋ ಕಾಡಂಚಿನಲ್ಲೋ ಬರಿಗೈಯಲ್ಲಿ ಸಿಕ್ಕಿಕೊಂಡವರು ಮಾತ್ರ ಉಸಿರೆತ್ತುವುದಿಲ್ಲ. ಮೊದಲು ಕಂಡವನು ಸುಮ್ಮನಾಗುತ್ತಾನೆ, ಅವನ ಉತ್ತರ ಬರಲಿಲ್ಲವೆಂದು ಪಕ್ಕದವನು ಸುಮ್ಮನಾಗುತ್ತಾನೆ, ನೋಡನೋಡುತ್ತ ಇಡೀ ಗುಡ್ಡ ಸುಮ್ಮನಾಗುತ್ತದೆ. ಇದನ್ನು ನಮಗೆ ಯಾರೂ ಕೂರಿಸಿ ಕಲಿಸಿದ್ದಲ್ಲ. ಹಾಸನದಿಂದ ಬಂದ ನೆಂಟರು 'ಅಬ್ಬಾ, ಎಷ್ಟು ನಿಶ್ಶಬ್ದವಾಗಿದೆ ನಿಮ್ಮ ಜಾಗ' ಎಂದು ಹೊಗಳುವ ಹೊತ್ತಿನಲ್ಲೇ ನಮ್ಮಮ್ಮ ಎದ್ದು ಹಿತ್ತಲ ಬಾಗಿಲು ಹಾಕಿ ಬರುತ್ತಿದ್ದರು.

ದಶಕದ ಕೊನೆಯ ಹೊತ್ತಿಗೆ ಚಿಕ್ಕಪ್ಪನಿಗೆ ಲಾಯ ಸಾಲದಾಯಿತು. ಕುದುರೆಗಳ ದೂರದ ಓಟ ಮಾಡಿಸಬೇಕು ಅನ್ನಿಸಿತು. ರೇಸಿನಂತೆ ಸುತ್ತು ಹೊಡೆಯುವುದಲ್ಲ, ನಮ್ಮ ಎಸ್ಟೇಟಿನಿಂದ ಹೊರಟು ಹೆಗ್ಗದ್ದೆ ಕಡೆಯ ಹುಲ್ಲುಗುಡ್ಡಗಳನ್ನು ಹಾದು, ಬಿಸಿಲೆಯ ಕಾಡಿನ ಅಂಚು ಮುಟ್ಟಿ, ದೊಡ್ಡ ಬಳಸು ದಾರಿಯಲ್ಲಿ ವಾಪಸ್ಸು ಬರುವುದು. ಬೆಂಗಳೂರು, ಮೈಸೂರುಗಳಿಂದ ಅವರ ಗೆಳೆಯರು ತಮ್ಮ ತಮ್ಮ ಕುದುರೆ ತಂದರು. ಆಲೂರು ಕಡೆಯ ತೋಟದವರು ಒಂದಿಬ್ಬರು ಸೇರಿಕೊಂಡರು. ಅಕ್ಕ ಕೆಂಪು ಕುದುರೆಯ ಮೇಲೆ ಹೋಗುವುದೆಂದು ಆಯಿತು.

ಚಿಕ್ಕಪ್ಪ ಬೇಜವಾಬ್ದಾರಿಯ ಮನುಷ್ಯ ಎಂದರೆ ನಾನು ಸುಳ್ಳು ಹೇಳಿದಂತಾಗುತ್ತದೆ. ಮೈಸೂರಿನಿಂದ ಒಬ್ಬ ಪಶುವೈದ್ಯರನ್ನು ಕರೆಸಿದ್ದರು. ಅರ್ಧ ದಾರಿಯಲ್ಲಿ, ಹೆಗ್ಗದ್ದೆ ಮೇಲಿನ ಹುಲ್ಲುಬಯಲಿನಲ್ಲಿ ಎಲ್ಲ ಕುದುರೆಗಳನ್ನೂ ನಿಲ್ಲಿಸಿ ನೋಡಬೇಕು, ಎದೆಬಡಿತ ಇಳಿಯದ ಕುದುರೆ ಅಲ್ಲಿಂದ ಮುಂದೆ ಓಡುವಂತಿಲ್ಲ, ಸವಾರ ಎಷ್ಟು ದೊಡ್ಡ ಮನುಷ್ಯನಾದರೂ ಸರಿ. ಸವಾರರಿಗೆಲ್ಲ ಹೆಲ್ಮೆಟ್ಟು, ಕೊರಳಿಗೊಂದು ಸೀಟಿ. ಮೊಬೈಲು ಆಗ ನಮ್ಮ ಕಡೆ ಇರಲಿಲ್ಲ. ಅದಕ್ಕಾಗಿ ದಾರಿಯುದ್ದಕ್ಕೂ ಎತ್ತರದ ಜಾಗಗಳಲ್ಲಿ ತೋಟದ ಆಳುಗಳನ್ನು ಇಬ್ಬಿಬ್ಬರಂತೆ ಕಾಯಲು ಬಿಟ್ಟರು. ಒಬ್ಬರ ಕೂಗು ಇನ್ನೊಬ್ಬರಿಗೆ ಕೇಳುತ್ತದೆ, ಹಾಗೆ ಗುಡ್ಡದಿಂದ ಗುಡ್ಡಕ್ಕೆ ದಾಟಿ ಸುದ್ದಿ ನಮ್ಮ ಕಣದವರೆಗೆ ಬರುತ್ತದೆ ಎನ್ನುವುದು ಲೆಕ್ಕ.

ಹಿಂದಿನ ಸಂಜೆ ಕಾಫಿ ಒಣಗಿಸುವ ಕಣದಲ್ಲಿ ಅವರನ್ನೆಲ್ಲ ನಿಲ್ಲಿಸಿಕೊಂಡು ಚಿಕ್ಕಪ್ಪ ಹೇಳಿದ್ದು ನನಗೆ ಈಗಲೂ ಕಿವಿಯಲ್ಲಿದೆ. "ತೊಂದ್ರೆ ಆದ್ರೆ ಮಾತ್ರ ಕೂ ಹಾಕ್ರಪ್ಪ. ಸುಮ್‌ಸುಮ್ನೆ ಕೂಗಾಡಿದ್ರೆ ಪ್ಯಾಟೆ ಕುದ್ರೆಗಳು ಬೆದರ್ತವೆ, ಮೇಲಿರೋರ್ನ ಕೆಡವ್ತವೆ. ಸದ್ದಿಲ್ಲ ಅಂದ್ರೆ ಎಲ್ಲ ಸರಿ ಐತೆ ಅಂತ ನಾವು ತಿಳ್ಕತೀವಿ."

ಎಲ್ಲರೂ ತಲೆ ಆಡಿಸಿದರು. ಅಷ್ಟೂ ಜನ ಅದೇ ಗುಡ್ಡದಲ್ಲಿ ಹುಟ್ಟಿ ಬೆಳೆದವರು, ಚಿಕ್ಕಪ್ಪನೂ ಸೇರಿ. ಒಬ್ಬರಿಗಾದರೂ ಅದು ಹೊಳೆಯಲಿಲ್ಲ ಎನ್ನುವುದು ನನಗೆ ಇಂದಿಗೂ ಸಿಟ್ಟು ತರಿಸುತ್ತದೆ. ತೋಟದ ಲೆಕ್ಕ ಬರೆಯುವ ರೈಟರ್ ಮಾತ್ರ ಆನೆಗಳ ವಿಷಯ ಎತ್ತಿದರು, ಅದೂ ಸಮಾಧಾನಕ್ಕೆ. "ಅವು ಮೊನ್ನೇನೇ ಬಿಸಿಲೆ ಕಾಡು ದಾಟ್ಕಂಡು ಆಚೆಗೆ ಹೋಗ್ಬುಟ್ಟವೆ ಅಯ್ಯ, ಏನೂ ಯೋಚ್ನೆ ಇಲ್ಲ."

ಜನವರಿ ತಿಂಗಳು. ಬೆಳಿಗ್ಗೆ ಮಂಜು ಎಷ್ಟಿತ್ತೆಂದರೆ ಹೊರಟ ಕುದುರೆಗಳು ಕಣ ದಾಟುವಷ್ಟರಲ್ಲಿ ಮಾಯವಾದವು, ಗೊರಸಿನ ಸದ್ದು ಮಾತ್ರ ಉಳಿಯಿತು, ಆಮೇಲೆ ಅದೂ ಇಲ್ಲ. ಚಿಕ್ಕಪ್ಪ, ವೈದ್ಯರು, ನಾನು ಜೀಪಿನಲ್ಲಿ ನೀರಿನ ಡ್ರಮ್ಮುಗಳನ್ನು ಹೇರಿಕೊಂಡು ಮಣ್ಣಿನ ಜೀಪುದಾರಿಯಲ್ಲಿ ಹುಲ್ಲುಬಯಲಿಗೆ ಹೋದೆವು. ಚಿಕ್ಕವಳಿದ್ದಾಗ ಅಲ್ಲಿ ನಿಂತರೆ ಕೆಳಗೆ ಎಡಕುಮೇರಿ ಕಡೆಯಿಂದ ರೈಲಿನ ಸಿಳ್ಳೆ ತೇಲಿ ಬರುತ್ತಿತ್ತು. ಹಳಿ ಬದಲಿಸುವ ಕೆಲಸವೆಂದು ಆ ರೈಲೂ ನಿಂತು ಕೆಲವು ವರ್ಷಗಳಾಗಿದ್ದವು. ಬಯಲು ಬಿಕೋ ಎನ್ನುತ್ತಿತ್ತು.

ವೈದ್ಯರು ಮಾತುಗಾರರು. ಒಂದೊಂದು ಕುದುರೆ ಬಂದಾಗಲೂ ಎದೆಗೆ ಸ್ಟೆತಾಸ್ಕೋಪ್ ಇಟ್ಟು, ಒಸಡು ಒತ್ತಿ, ಕತ್ತಿನ ಚರ್ಮ ಚಿವುಟಿ, ಏನು ನೋಡುತ್ತಿದ್ದೇನೆ ಎಂದು ನನಗೆ ಹೇಳುತ್ತಿದ್ದರು. ಹೊಳ್ಳೆ ಅರಳಿಸಿ ಉಸಿರಾಡುತ್ತಿದ್ದ ಒಂದು ಗಂಡುಕುದುರೆಯನ್ನು ತೋರಿಸಿ, "ನಾಯಿ ಥರ ಬಾಯಿ ಕಳೆದು ಉಸಿರು ಬಿಡೋಕೆ ಕುದುರೆಗೆ ಬರಲ್ಲಮ್ಮ. ಅದಕ್ಕೆ ಮೂಗೊಂದೇ ದಾರಿ" ಎಂದರು. ನಾನು ಹೂಂ ಎಂದುಕೊಂಡು ಬಕೆಟ್ಟಿಗೆ ನೀರು ತುಂಬುತ್ತಿದ್ದೆ.

ಅಕ್ಕ ಬಂದದ್ದು ಕೊನೆಯವರಲ್ಲಿ. ಕುದುರೆಯ ಮೇಲಿರಲಿಲ್ಲ, ಇಳಿದು ನಡೆಸಿಕೊಂಡು ಬರುತ್ತಿದ್ದಳು. "ಯಾಕೋ ಹೆಜ್ಜೆ ಸರಿ ಇಲ್ಲ, ಡಾಕ್ಟ್ರೇ" ಎಂದಳು. ಕೆಂಪು ಕುದುರೆ ನೀರಿಗೆ ಬಾಯಿ ಹಾಕಲಿಲ್ಲ, ಬೆಲ್ಲ ತೋರಿಸಿದರೂ ತುಟಿ ಅಲ್ಲಾಡಿಸಲಿಲ್ಲ. ವೈದ್ಯರು ಚಿವುಟಿದ ಚರ್ಮ, ಮೈಯಲ್ಲಿ ನೀರು ಕಡಿಮೆಯಾದಾಗ ಆಗುವಂತೆ, ಹಾಗೇ ಎದ್ದು ನಿಂತಿತು. ಎದೆ ಕೇಳಿದರು, ಮುಖ ಸಣ್ಣಗಾಯಿತು. ಆಮೇಲೆ ಸ್ಟೆತಾಸ್ಕೋಪನ್ನು ಹೊಟ್ಟೆಗೆ ಇಟ್ಟು, ಈ ಪಕ್ಕ ಆ ಪಕ್ಕ ಬಹಳ ಹೊತ್ತು ಕೇಳಿದರು.

"ಏನೂ ಸದ್ದಿಲ್ಲ" ಎಂದರು.

"ಹಂಗಂದ್ರೆ ಒಳ್ಳೇದಲ್ವಾ?" ಎಂದರು ಚಿಕ್ಕಪ್ಪ.

"ಅಲ್ಲ ಸಾರ್. ಕುದುರೆ ಹೊಟ್ಟೆ ಯಾವಾಗ್ಲೂ ಗುಡುಗುಡು ಅಂತಿರಬೇಕು. ಸದ್ದಿಲ್ಲ ಅಂದ್ರೆ ಒಳಗೆ ಏನೋ ಕೆಟ್ಟಿದೆ ಅಂತ. ಇದರ ಮೇಲೆ ಇನ್ನು ಯಾರೂ ಕೂರೋ ಹಾಗಿಲ್ಲ."

ಅಕ್ಕ ಆಗಲೇ ಜೀನು ಬಿಚ್ಚತೊಡಗಿದ್ದಳು. ಆದರೆ ಕುದುರೆಯನ್ನು ಮನೆಗೆ ಒಯ್ಯುವುದು ಹೇಗೆ? ಲಾರಿ ಎಸ್ಟೇಟಿನಲ್ಲಿತ್ತು, ಬಯಲಿನವರೆಗೆ ಹತ್ತುವ ದಾರಿಯೂ ಅದಕ್ಕಿರಲಿಲ್ಲ. ನೆರಳಿನಲ್ಲಿ ನಿಲ್ಲಿಸಿ ಮೈಗೆ ನೀರು ಹಾಕಿದ ಮೇಲೆ ಕುದುರೆ ಸ್ವಲ್ಪ ನೀರು ಕುಡಿಯಿತು, ತಲೆಯನ್ನೂ ಎತ್ತಿತು. ಗುಡ್ಡದ ನೆತ್ತಿಯ ಮೇಲೆ ಒಂದು ಕಾಲುದಾರಿ ಇದೆ, ನೇರ ನಮ್ಮ ತೋಟದ ಮೇಲಿನ ಬ್ಲಾಕಿಗೆ ಇಳಿಯುತ್ತದೆ. ನಿಧಾನ ನಡೆಸಿಕೊಂಡು ಹೋದರೆ ಮಧ್ಯಾಹ್ನಕ್ಕೆ ಮನೆ. ನಡುವೆ ಬಂಡೆಯ ಮೇಲೆ ಕಾವಲಿನವರು ಇಬ್ಬರಿದ್ದಾರೆ. ವೈದ್ಯರು ಒಲ್ಲದ ಮನಸ್ಸಿನಿಂದ ಒಪ್ಪಿದರು. ನಾನೂ ಜೊತೆಗೆ ಹೋಗುತ್ತೇನೆ ಎಂದೆ.

"ನೀನು ಹೋದ್ರೆ ಬಾಕಿ ಕುದ್ರೆಗೆಲ್ಲ ನೀರು ಯಾರು ಇಡ್ತಾರೆ? ಅವ್ಳೇನು ಆ ದಾರಿ ಕಾಣ್ದೋಳಾ?" ಎಂದರು ಚಿಕ್ಕಪ್ಪ. "ಏನಾದ್ರೂ ಆದ್ರೆ ಕೂ ಬಂದೇ ಬತ್ತದೆ."

ಅಕ್ಕ ನಕ್ಕಳು. "ಊಟಕ್ಕೆ ಬತ್ತೀನಿ ಕಣೇ. ಕೋಳಿಸಾರಲ್ಲಿ ನನ್ ಪಾಲು ಎತ್ತಿಡು, ಆ ಮೈಸೂರೋರು ಪಾತ್ರೆ ಬಳಿದಾಕ್ತಾರೆ." ಹೀಗೆಂದು ಹುಲ್ಲಿನ ನಡುವೆ ಹತ್ತಿ ಹೋದಳು. ಕುದುರೆ ಅವಳ ಭುಜಕ್ಕೆ ತಲೆ ತಾಗಿಸಿಕೊಂಡು ಹೋಗುತ್ತಿತ್ತು.

ನಾವು ಜೀಪಿನಲ್ಲಿ ಕಣಕ್ಕೆ ವಾಪಸ್ಸಾದಾಗ ಅಕ್ಕ ಬಂದಿರಲಿಲ್ಲ. ಇನ್ನೇನು ಬರುತ್ತಾಳೆ ಎಂದು ನಾನು ಅವಳ ಪಾಲು ಎತ್ತಿಟ್ಟೆ. ಬಳಸುದಾರಿಯ ಸವಾರರು ಒಬ್ಬೊಬ್ಬರಾಗಿ ಬರತೊಡಗಿದರು. ಚಪ್ಪಾಳೆ, ಫೋಟೋ, ಕಡುಬು, ಕೋಳಿಸಾರು. ಎಲ್ಲರಿಗಿಂತ ಹತ್ತಿರದ ದಾರಿಯಲ್ಲಿ ಹೊರಟವಳು ಸವಾರರೆಲ್ಲ ಉಂಡರೂ ಬರಲಿಲ್ಲ. ನಾನು ಮೂರು ಸಲ ಬೇಲಿಯವರೆಗೆ ಹೋಗಿ ಬಂದೆ.

"ಯಾಕೆ ಹಂಗೆ ಸುತ್ತಾಡ್ತೀಯ?" ಎಂದರು ಚಿಕ್ಕಪ್ಪ. "ಕೂ ಬಂದಿಲ್ಲ ಅಂದ್ಮೇಲೆ ಏನಾಗಿರ್ತದೆ? ಕುದ್ರೆ ಜತೆ ಮಾತಾಡ್ಕಂಡು ಬತ್ತಾವಳೆ."

ಅಷ್ಟರಲ್ಲಿ ಬೆಂಗಳೂರಿನ ಒಬ್ಬ ಅತಿಥಿ ಕುರ್ಚಿಗೆ ಒರಗಿ, ಕಾಲು ಚಾಚಿ, ಗುಡ್ಡದ ಕಡೆ ನೋಡುತ್ತ ಹೇಳಿದರು: "ಎಷ್ಟು ನಿಶ್ಶಬ್ದವಾಗಿದೆ ನಿಮ್ಮ ಜಾಗ!"

ಅವರು ಹೇಳುವವರೆಗೆ ನಾನು ಕಾವಲಿನವರ ಕೂಗಿಗಾಗಿ ಕಿವಿ ಕೊಟ್ಟಿದ್ದೆನೇ ಹೊರತು ಬೇರೇನನ್ನೂ ಕೇಳಿಸಿಕೊಂಡಿರಲಿಲ್ಲ. ಮೇಲಿನ ಬ್ಲಾಕಿನಲ್ಲಿ ಅಂದು ಹಣ್ಣು ಕೊಯ್ಲು ನಡೆಯುತ್ತಿತ್ತು. ಅಷ್ಟು ಹೆಂಗಸರು ಅಲ್ಲಿದ್ದೂ ಒಂದು ಮಾತಿಲ್ಲ, ನಗುವಿಲ್ಲ, ಒಂದು ಕೂ ಇಲ್ಲ.

"ಚಿಕ್ಕಪ್ಪ" ಎಂದೆ, "ಮೇಲಿನ ಬ್ಲಾಕಿನೋರು ಯಾಕೆ ಕೂಗ್ತಿಲ್ಲ?"

ಅವರು ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು. ಕೈ ತೊಳೆಯಲೂ ಇಲ್ಲ.

ಜೀಪನ್ನು ಬ್ಲಾಕಿನ ಕೆಳಗೇ ನಿಲ್ಲಿಸಿ ನಡೆದು ಹತ್ತಿದೆವು, ಚಿಕ್ಕಪ್ಪ, ವೈದ್ಯರು, ನಾನು, ರೈಟರ್. ಗಿಡಗಳ ಬುಡದಲ್ಲಿ ಹಣ್ಣಿನ ಚೀಲಗಳನ್ನು ಬಿಟ್ಟು ಹೆಂಗಸರು ಮರಗಳಿಗೆ ಬೆನ್ನು ಕೊಟ್ಟು ಕುಕ್ಕರಗಾಲಿನಲ್ಲಿ ಕೂತಿದ್ದರು. ನಮ್ಮನ್ನು ಕಂಡು ಒಬ್ಬಾಕೆ ಬಾಯಿಯ ಮೇಲೆ ಬೆರಳಿಟ್ಟಳು. ಆಮೇಲೆ ಮೂಗಿನ ಮುಂದೆ ಕೈಯನ್ನು ಸೊಂಡಿಲಿನಂತೆ ಇಳಿಬಿಟ್ಟು ತೂಗಿ, ಗುಡ್ಡದ ನೆತ್ತಿಯ ಕಡೆ ತೋರಿಸಿದಳು. ಬಿದಿರು ಮುರಿಯುವ ಸದ್ದು ನನಗೂ ಕೇಳಿಸಿತು. ಅಕ್ಕ ಬರಬೇಕಾದ ದಾರಿ ಅದೇ.

ಸ್ವಲ್ಪ ಹೊತ್ತಿನ ಮೇಲೆ ಬಂಡೆಯ ಕಾವಲಿನವನೊಬ್ಬ ಕಾಫಿ ಗಿಡಗಳ ಅಡಿಯಲ್ಲಿ ನುಸುಳಿಕೊಂಡು ಬಂದ. ಮೈಯೆಲ್ಲ ತರಚಿತ್ತು. ಪಿಸುದನಿಯಲ್ಲಿ ಹೇಳಿದ: "ಕುದ್ರೆ ಬಿದ್ಬುಟ್ಟೈತೆ ಅಯ್ಯ. ಅಮ್ಮಾವ್ರು ಅದ್ರ ತಾವೇ ಕೂತವ್ರೆ, ಮೇಲೇಳ್ತಿಲ್ಲ. ನಮ್ಗೂ ಅವ್ರಿಗೂ ನಡುವೆ ಅವು ನಿಂತವೆ, ಮರಿ ಬ್ಯಾರೆ ಐತೆ."

"ಕೂ ಹಾಕೋದಲ್ವೇನೋ!" ಎಂದರು ಚಿಕ್ಕಪ್ಪ.

ಅವನು ಚಿಕ್ಕಪ್ಪನ ಮುಖವನ್ನೇ ನೋಡಿದ. "ಅವು ಅಲ್ಲಿರ್ವಾಗ ಹೆಂಗಯ್ಯ ಕೂಗದು?"

ಚಿಕ್ಕಪ್ಪ ಅಲ್ಲೇ ಮಣ್ಣಿನಲ್ಲಿ ಕೂತರು. ನನಗೆ ಅವರ ಕಾಲರ್ ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ ಓಡಬೇಕು, ಅಕ್ಕಾ ಎಂದು ಕಿರುಚಬೇಕು ಅನ್ನಿಸಿತು. ಎರಡನ್ನೂ ಮಾಡುವಂತಿರಲಿಲ್ಲ. ನಾವು ಕಾದೆವು. ಬಿದಿರು ಮುರಿಯುತ್ತಿದ್ದರೆ ಅವು ಇನ್ನೂ ಅಲ್ಲೇ ಇವೆ ಎಂದು ಹೆದರಿಕೆ, ಮುರಿಯುವುದು ನಿಂತರೆ ಯಾವ ಕಡೆ ತಿರುಗಿದವೋ ಎಂದು ಇನ್ನೂ ಹೆದರಿಕೆ. ಪಕ್ಕದಲ್ಲಿ ವೈದ್ಯರು ಸ್ಟೆತಾಸ್ಕೋಪನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದರು.

ಬಿಸಿಲು ಹಳದಿಗೆ ತಿರುಗಿದ ಮೇಲೆ ಆನೆಗಳು ನೆತ್ತಿ ದಾಟಿ ಆ ಕಡೆಗೆ ಇಳಿದವು. ನಾವು ಹತ್ತಿದೆವು. ಹತ್ತಿದೆವು ಎನ್ನುವುದಕ್ಕಿಂತ ನಾಲ್ಕು ಕಾಲಿನಲ್ಲಿ ಹೋದೆವು ಅನ್ನಬೇಕು.

ದಾರಿ ಇಳಿಜಾರಿಗೆ ತಿರುಗುವಲ್ಲಿ ಅಕ್ಕ ಇದ್ದಳು. ದಾರಿ ಪಕ್ಕದ ಮಣ್ಣಿನ ದರೆಗೆ ಒರಗಿ ಕೂತಿದ್ದಳು. ಕುದುರೆ ಬೀಳುವಾಗ ಅವಳ ಒಂದು ಕಾಲನ್ನು ಭುಜದ ಕೆಳಗೆ ಹಾಕಿಕೊಂಡು ಬಿದ್ದಿತ್ತು. ಅದರ ತಲೆ ಅವಳ ತೊಡೆಯ ಮೇಲಿತ್ತು. ಅವಳ ಕೊರಳಲ್ಲಿ ಸೀಟಿ ಹಾಗೇ ನೇತಾಡುತ್ತಿತ್ತು, ಅವಳ ಎರಡೂ ಕೈ ಕುದುರೆಯ ಮೂಗಿನ ಮೇಲಿದ್ದವು. ಬದುಕಿದ್ದಾಳೆ ಎಂದು ಗೊತ್ತಾದದ್ದು ಕಣ್ಣಿನಿಂದ. ನಮ್ಮನ್ನು ಕಂಡದ್ದೇ ಸುಮ್ಮನಿರಿ ಎಂಬಂತೆ ತಲೆ ಅಲ್ಲಾಡಿಸಿದಳು.

"ಹೋದ್ವು ಅಕ್ಕ. ಎಲ್ಲ ಹೋದ್ವು" ಎಂದೆ.

ಆಗ ಅವಳು ಕೈ ತೆಗೆದಳು. ಕುದುರೆ ಸತ್ತು ಬಹಳ ಹೊತ್ತಾಗಿತ್ತು.

ಆಳುಗಳು ಬಂದು, ಮರದ ಗಳ ಮೀಟಿ, ಅವಳ ಕಾಲು ಬಿಡಿಸಿದರು. ಎರಡು ಬಿದಿರಿಗೆ ಕಂಬಳಿ ಕಟ್ಟಿ ಹೊತ್ತುಕೊಂಡು ಇಳಿದೆವು. ಹಿಮ್ಮಡಿಯ ಮೇಲೆ ಮೂಳೆ ಮುರಿದಿತ್ತು. ಜೀಪಿನಲ್ಲಿ ಮಲಗಿಸುವಾಗ ಚಿಕ್ಕಪ್ಪ ಅವಳ ತಲೆ ಹಿಡಿದುಕೊಂಡು, "ಒಂದ್ಸಲ ಸೀಟಿ ಊದಿದ್ರೆ ಬಂದ್ಬುಡ್ತಿದ್ವಲ್ಲ ಮಗ" ಎಂದು ಅತ್ತುಬಿಟ್ಟರು.

"ನಿಮ್ಗಿಂತ ಮುಂಚೆ ಅವು ಬರ್ತಿದ್ವು ಚಿಕ್ಕಪ್ಪ" ಎಂದಳು ಅಕ್ಕ. ಕೋಪವಿಲ್ಲದೆ ಹೇಳಿದಳು.

ಮಾರನೆಯ ದಿನ ವೈದ್ಯರು ಗುಡ್ಡಕ್ಕೆ ಹೋಗಿ ನೋಡಿ ಬಂದರು. ಕುದುರೆಯನ್ನು ಅಲ್ಲೇ ಹೂಳಿಸಿ, ಅಕ್ಕನ ಮಂಚದ ಹತ್ತಿರ ಕೂತು, ಕರುಳು ಕೆಟ್ಟಿತ್ತು, ಏನು ಮಾಡಿದ್ದರೂ ಉಳಿಯುತ್ತಿರಲಿಲ್ಲ ಎಂದರು. ನಿಜವಿರಬಹುದು. ಅಕ್ಕನಿಗಾಗಿ ಹೇಳಿದ್ದೂ ಇರಬಹುದು. ಅಕ್ಕ ಹೂಂ ಎಂದಳು, ಅಷ್ಟೇ.

ಚಿಕ್ಕಪ್ಪ ಮರುವರ್ಷ ಮತ್ತೊಮ್ಮೆ ಸವಾರಿ ಮಾಡಿಸಿದರು, ಸಣ್ಣದಾಗಿ, ಕಾಡಿನ ಕಡೆಗೆ ಹೋಗದೆ. ಹಿಂದಿನ ಮಾತನ್ನು ಉಲ್ಟಾ ಮಾಡಿದ್ದರು. ಎಲ್ಲ ಸರಿಯಿದ್ದರೆ ಕೂ ಹಾಕಬೇಕು, ಕೂ ಬರಲಿಲ್ಲವೆಂದರೆ ಕೆಲಸ ಬಿಟ್ಟು ಹೋಗಿ ನೋಡಬೇಕು, ಒಬ್ಬರೇ ಯಾರೂ ಎಲ್ಲಿಗೂ ನಡೆಯುವಂತಿಲ್ಲ. ಕುದುರೆ ಬೆದರಿದರೆ ಬೆದರಲಿ. ಒಂದೊಂದು ಕೂಗಿಗೂ ಅವರು ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದರು, ಮತ್ತೆ ಕೂರುತ್ತಿದ್ದರು. ಅದೇ ಕೊನೆ. ಲಾಯ ಮತ್ತೆ ಕಾಫಿ ಸ್ಟೋರಾಯಿತು. ಆ ಎರಡನೆಯ ಸವಾರಿಯ ದಿನ ಅಕ್ಕ ಕಣದ ಕಡೆಗೆ ಬರಲಿಲ್ಲ.

ಗುಡ್ಡದ ಮೇಲಿನ ಆ ಮಧ್ಯಾಹ್ನದ ಬಗ್ಗೆ ಅವಳು ನನ್ನ ಹತ್ತಿರ ಮಾತಾಡಿದ್ದು ಒಂದೇ ಸಲ. ಕಾಲಿಗೆ ಪ್ಲಾಸ್ಟರ್ ಇದ್ದಾಗ, ಜಗಲಿಯ ಬಿಸಿಲಿನಲ್ಲಿ ಕೂರಿಸಿ ಊಟ ಕೊಟ್ಟಿದ್ದೆ. ಉಂಡಾದ ಮೇಲೆ ಚೊಂಬಿನಲ್ಲಿ ನೀರು ಹಾಕಿದೆ. ಅವಳು ಕೈ ತೊಳೆದಳು, ಆದರೂ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಅಂಗೈಯನ್ನೇ ನೋಡುತ್ತಿದ್ದಳು.

"ಕೆಳಗಿದ್ದ ಕುದ್ರೆಗಳನ್ನ ಕರೆಯೋಕೆ ಹೋಗ್ತಿತ್ತು ಕಣೇ. ಜೋರಾಗಿ ಕೆನೆದ್ರೆ ಆನೆಗಳಿಗೆ ಕೇಳ್ತದಲ್ಲ, ಅದಕ್ಕೇ ಮೂಗು ಹಿಡಿದೆ. ಮೊದ್ಲೇ ಉಸಿರಿಗೆ ಒದ್ದಾಡ್ತಿತ್ತು." ಒದ್ದೆ ಬೆರಳುಗಳನ್ನು ಮಡಚಿ ಬಿಡಿಸಿದಳು. "ಒಂದ್ಸಲನಾದ್ರೂ ತಲೆ ಕೊಡವಬೋದಿತ್ತು. ಕೊಡವಲಿಲ್ಲ. ದಿನಾ ಬೆಳಿಗ್ಗೆ ಮಾಡ್ತಿತ್ತಲ್ಲ, ಹಂಗೇ ನನ್ ಕೈಗೆ ಒತ್ಕಂತು."